ಹೆಡ್‌ಸೆಟ್ ಹೇಗಿದೆ ಅಂತ ಆ ಕಡೆಯವರನ್ನು ಕೇಳಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಕಾಲ್ ಮಾಡುವುದಕ್ಕೆ ಅಂತಲೇ ತಗೊಳ್ಳುವ ಬ್ಲೂಟೂತ್ ಹೆಡ್‌ಸೆಟ್ ಬಗ್ಗೆ ಒಂದು ವಿಡಿಯೋ ಹಾಕಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ, ‘ಬೇಸ್ ಹೇಗಿದೆ ಅಂತ ಹೇಳಲೇ ಇಲ್ಲ, ಇದೆಂಥ ರಿವ್ಯೂ ಗುರು?’ ಅದಕ್ಕೆ ಲೈಕ್ ಕೊಟ್ಟವರೂ ಬೇಕಾದಷ್ಟು ಜನ ಇದ್ದಾರೆ.

ಬೇಸ್ ಅಂತೆ, ಹಾಡಿನ ಆ ಧಂ ಧಂ ಸದ್ದು! ಅಮ್ಮನ ಹತ್ತಿರ ಫೋನಲ್ಲಿ ಮಾತಾಡುವಾಗ ಬೇಸ್ ಯಾಕೆ ಬೇಕು ಸ್ವಾಮಿ? ‘ಊಟ ಆಯ್ತಾ’ ಅನ್ನುವುದಕ್ಕೆ ಡಿಜೆ ಸೌಂಡ್ ಬೇಕಾ?

ಇವತ್ತು ಒಂದೇ ವಿಷಯ ಹೇಳುತ್ತೇನೆ, ಅದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತೇನೆ. ಕಾಲ್‌ಗೆ ಅಂತ ತಗೊಳ್ಳುವ ಹೆಡ್‌ಸೆಟ್ ಚೆನ್ನಾಗಿದೆಯಾ ಇಲ್ಲವಾ ಅಂತ ನಿಮ್ಮ ಕಿವಿ ಹೇಳುವುದಕ್ಕೆ ಆಗುವುದಿಲ್ಲ. ಅದನ್ನು ಹೇಳಬೇಕಾದವರು ಫೋನಿನ ಆ ಕಡೆ ಇರುವವರು. ನಿಮ್ಮ ಮಾತು ಹೇಗೆ ಕೇಳುತ್ತಿದೆ ಅಂತ ಗೊತ್ತಿರುವುದು ಅವರಿಗೆ ಮಾತ್ರ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸುಮ್ನೆ ನಿಂತು ನೋಡಿ. ಅಂಗಡಿಯವರು ಡಬ್ಬಿ ಒಡೆಯುತ್ತಾರೆ, ಫೋನಿಗೆ ಜೋಡಿಸುತ್ತಾರೆ, ಒಂದು ಹಾಡು ಹಾಕುತ್ತಾರೆ. ಗಿರಾಕಿ ಕಿವಿಗೆ ಇಟ್ಟುಕೊಂಡು ತಲೆ ಆಡಿಸುತ್ತಾನೆ, ದುಡ್ಡು ಕೊಟ್ಟು ಹೋಗುತ್ತಾನೆ. ‘ಒಂದು ಕಾಲ್ ಮಾಡಿ ನೋಡಿ ಅಣ್ಣ’ ಅಂತ ಅಂಗಡಿಯವರೂ ಹೇಳುವುದಿಲ್ಲ, ಗಿರಾಕಿಯೂ ಕೇಳುವುದಿಲ್ಲ. ತಗೊಂಡಿದ್ದು ಮಾತ್ರ ಕಾಲ್‌ಗೆ!

ಈಗ ಬೇಸ್ ಕೇಳಿದವರಿಗೆ ಒಂದು ವಿಷಯ ಹೇಳಬೇಕು. ಹಾಡು ಕೇಳುವಾಗ ಮತ್ತು ಕಾಲ್‌ನಲ್ಲಿ ಮಾತಾಡುವಾಗ ನಿಮ್ಮ ಬ್ಲೂಟೂತ್ ಒಂದೇ ದಾರಿಯಲ್ಲಿ ಕೆಲಸ ಮಾಡುವುದಿಲ್ಲ. ಹಾಡಿಗೆ ಎ2ಡಿಪಿ ಅಂತ ಒಂದು ದಾರಿ. ಅದು ಫೋನಿನಿಂದ ಕಿವಿಗೆ ಮಾತ್ರ ಹೋಗುವ ಒನ್ ವೇ. ಕಾಲ್ ಬಂದ ತಕ್ಷಣ ಅದು ಬಿಟ್ಟು ಎಚ್‌ಎಫ್‌ಪಿ ಅಂತ ಇನ್ನೊಂದಕ್ಕೆ ಹೊರಳುತ್ತದೆ, ಯಾಕೆಂದರೆ ನಿಮ್ಮ ದನಿ ವಾಪಸ್ ಹೋಗಬೇಕಲ್ವಾ. ದನಿಯನ್ನು ಅಂಕಿಯಾಗಿ ಮಡಚಿ ಕಳಿಸುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. ಈ ದಾರಿಯ ಹಳೆಯ ಕೋಡೆಕ್ ಸಿವಿಎಸ್‌ಡಿ. ಅದು ದನಿಯನ್ನು ಸೆಕೆಂಡಿಗೆ 8,000 ಸಲ ಮಾತ್ರ ಅಳೆಯುತ್ತದೆ. ಸಿಡಿ ಹಾಡಿನಲ್ಲಿ ಅದು 44,100 ಸಲ. 2011ರಲ್ಲಿ ಎಚ್‌ಎಫ್‌ಪಿ 1.6 ಬಂದ ಮೇಲೆ ಎಂಎಸ್‌ಬಿಸಿ ಅಂತ ಹೊಸ ಕೋಡೆಕ್ ಸೇರಿ ಅದು 16,000ಕ್ಕೆ ಏರಿತು. ಆದರೆ ಫೋನು, ಹೆಡ್‌ಸೆಟ್ ಎರಡರಲ್ಲೂ ಅದು ಇರಬೇಕು. ಒಂದರಲ್ಲಿ ಇಲ್ಲ ಅಂದರೂ ಮತ್ತೆ ಹಳೆಯ 8,000ಕ್ಕೇ ಇಳಿಯುತ್ತದೆ.

ಹಾಗಾದರೆ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿರುವ ಎಲ್‌ಡ್ಯಾಕ್, ಆಪ್ಟ್‌ಎಕ್ಸ್ ಎಚ್‌ಡಿ? ಅವೂ ಕೋಡೆಕ್‌ಗಳೇ, ಆದರೆ ಹಾಡಿಗೆ. ಮಾಮೂಲಿ ಫೋನ್ ಕಾಲ್‌ನಲ್ಲಿ ಅವಕ್ಕೆ ಕೆಲಸವೇ ಇಲ್ಲ. ನೀವು ಯಾವುದಕ್ಕೆ ದುಡ್ಡು ಕೊಟ್ಟಿರೋ ಅದು ಕಾಲ್ ಬಂದ ಕ್ಷಣವೇ ಪಕ್ಕಕ್ಕೆ ಸರಿಯಿತು.

8,000 ಸಲ ಅಳೆದರೆ ಏನಾಗುತ್ತದೆ? ಅದರ ಅರ್ಧ, ಅಂದರೆ 4,000 ಹರ್ಟ್ಜ್‌ಗಿಂತ ಮೇಲಿನ ಚೂಪು ದನಿ ಹೋಗುವುದೇ ಇಲ್ಲ. ಸ, ಫ ಥರದ ಅಕ್ಷರಗಳ ಜೀವ ಬಹಳಷ್ಟು ಇರುವುದು ಅಲ್ಲಿ. ‘ಫೀಸು ಕಟ್ಟಿದೆಯಾ’ ಅಂತ ನೀವು ಕೇಳಿದರೆ ‘ಏನು ಕಟ್ಟಬೇಕು?’ ಅಂತ ಅವರು ಕೇಳುತ್ತಾರೆ. ಇದೆಲ್ಲ ನಿಮ್ಮ ಕಿವಿಗೆ ಗೊತ್ತಾಗುತ್ತದಾ? ಇಲ್ಲ. ಗೊತ್ತಾಗುವುದು ಯಾರಿಗೆ? ಆ ಕಡೆಯವರಿಗೆ!

ಮೊನ್ನೆ ಮೆಜೆಸ್ಟಿಕ್‌ನಲ್ಲಿ ಬಸ್ ನಿಲ್ದಾಣದ ಹೊರಗೆ ನಿಂತು ಶಿವಮೊಗ್ಗದಲ್ಲಿರುವ ನನ್ನ ತಂಗಿಗೆ ಕಾಲ್ ಮಾಡಿದೆ. ಕಿವಿಯಲ್ಲಿ ಒಂದು ಹೆಸರಾಂತ ಕಂಪನಿಯ ಬಡ್ಸ್. ಕಂಪನಿ ಹೆಸರು ಹೇಳುವುದಿಲ್ಲ. ತಂಗಿಯ ಕೈಯಲ್ಲಿ ಪೆನ್ನು, ಹಾಳೆ. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರಿ ಅಂತ ಹೇಳಿದ್ದೆ. ನನಗೆ ಅವಳ ದನಿ ಗಂಟೆ ಹೊಡೆದ ಹಾಗೆ ಸ್ಪಷ್ಟ. ನಾನು ‘ನಾಳೆ ನಾನು ಬರಲ್ಲ’ ಅಂದೆ. ಅವಳು ಹಾಳೆಯಲ್ಲಿ ‘ನಾಳೆ ನಾನು ಬರ’ ಅಂತ ಬರೆದು ಚುಕ್ಕಿ ಚುಕ್ಕಿ ಹಾಕಿದ್ದಾಳೆ. ‘ಎಂಬತ್ತು’ ಅಂದಿದ್ದು ‘ತೊಂಬತ್ತು’ ಆಗಿದೆ. ‘ಅಣ್ಣ, ನಿನ್ನ ಮಾತಿಗಿಂತ ಕಂಡಕ್ಟರ್ ಸೀಟಿ ಚೆನ್ನಾಗಿ ಕೇಳಿಸ್ತು’ ಅಂದಳು.

ಇದು ಯಾಕೆ ಹೀಗೆ ಅಂದರೆ, ಸುತ್ತಲಿನ ಗಲಾಟೆ ಕತ್ತರಿಸುವ ಸಾಫ್ಟ್‌ವೇರ್ ಗಲಾಟೆ ಜಾಸ್ತಿ ಇದ್ದಾಗ ಮಾತಿನ ಮೆತ್ತಗಿನ ತುದಿಯನ್ನೂ ಕತ್ತರಿಸಿಬಿಡುತ್ತದೆ. ನಮ್ಮ ಕನ್ನಡದಲ್ಲಿ ಹೌದಾ ಅಲ್ಲವಾ ಅನ್ನುವುದು ಇರುವುದೇ ಆ ತುದಿಯಲ್ಲಿ. ಬರ್ತೀನಿ, ಬರಲ್ಲ. ಕೊಡ್ತೀನಿ, ಕೊಡಲ್ಲ. ತುದಿ ಹೋದರೆ ವ್ಯವಹಾರವೇ ಹೋಯಿತು. ಮಂಡಿಯಲ್ಲಿ ನಿಂತು ಅಡಿಕೆ ರೇಟು ಮಾತಾಡುವವರನ್ನು ಕೇಳಿ ಇದು ಸಣ್ಣ ವಿಷಯವಾ ಅಂತ!

‘ನನ್ನದರಲ್ಲಿ ಎಎನ್‌ಸಿ ಇದೆ ಸರ್’ ಅಂತ ಬರುತ್ತಾರೆ ಇನ್ನು ಕೆಲವರು. ಇರಲಿ ಮಾರಾಯ್ರೇ. ಎಎನ್‌ಸಿ ಹೊರಗಿನ ಗಲಾಟೆಯನ್ನು ನಿಮ್ಮ ಕಿವಿಗೆ ಬರದ ಹಾಗೆ ತಡೆಯುತ್ತದೆ. ನಿಮ್ಮ ಕಿವಿಗೆ! ಆ ಕಡೆಯವರಿಗೆ ನಿಮ್ಮ ಮನೆಯ ಮಿಕ್ಸಿ ಸದ್ದು ಹೋಗುವುದನ್ನು ಅದು ತಡೆಯುವುದಿಲ್ಲ. ಅದಕ್ಕೆ ಇರುವುದು ಇಎನ್‌ಸಿ, ಅದು ಮೈಕಿನ ಕೆಲಸ. ಇನ್ನೂ ಒಂದು ತೊಂದರೆ ಇದೆ. ಎಎನ್‌ಸಿ ಹಾಕಿಕೊಂಡು ಕಿವಿ ಮುಚ್ಚಿದಾಗ ನಿಮ್ಮ ದನಿ ನಿಮಗೇ ಸರಿಯಾಗಿ ಕೇಳಿಸುವುದಿಲ್ಲ, ಆಗ ಕಿರುಚಲು ಶುರು ಮಾಡುತ್ತೀರಿ. ನಿಮ್ಮ ದನಿಯನ್ನು ಸ್ವಲ್ಪ ನಿಮ್ಮ ಕಿವಿಗೂ ಬಿಡುವ ಸೈಡ್‌ಟೋನ್ ಅಂತ ಒಂದು ಸೌಲಭ್ಯ ಕೆಲವು ಹೆಡ್‌ಸೆಟ್‌ಗಳಲ್ಲಿ ಇರುತ್ತದೆ. ಅದು ಇದೆಯಾ ಅಂತ ಯಾವ ರಿವ್ಯೂನಲ್ಲಾದರೂ ಕೇಳಿದ್ದೀರಾ? ನಮ್ಮ ಚಾನೆಲ್ ಬಿಟ್ಟು? ಇದಕ್ಕೇ ಹೇಳುವುದು, ಸಬ್‌ಸ್ಕ್ರೈಬ್ ಮಾಡಿ ಅಂತ. ಮಾಡಿ, ಈಗಲೇ ಮಾಡಿ, ನಾನು ಕಾಯುತ್ತೇನೆ.

ಆಯ್ತಾ? ಸರಿ, ಮೈಕ್ ವಿಷಯಕ್ಕೆ ಬರೋಣ. ಮೈಕ್ ಬಾಯಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು, ಇದರಲ್ಲಿ ಮ್ಯಾಜಿಕ್ ಏನೂ ಇಲ್ಲ. ದೂರ ಎರಡರಷ್ಟಾದರೆ ದನಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಕಿವಿಯಲ್ಲಿ ಕೂರುವ ಬಡ್ಸ್‌ನ ಮೈಕ್ ಬಾಯಿಂದ ಸುಮಾರು ಅರ್ಧ ಗೇಣು ದೂರದಲ್ಲಿರುತ್ತದೆ. ಕಡ್ಡಿ ಮೈಕ್ ಇರುವುದರಲ್ಲಿ ಅದು ತುಟಿಯ ಪಕ್ಕಕ್ಕೇ ಬರುತ್ತದೆ. ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ಕೂತವರ ತಲೆಯ ಮೇಲೆ ಇರುವುದು ಎಂಥದ್ದು ಅಂತ ನೋಡಿದ್ದೀರಲ್ವಾ? ದಿನವಿಡೀ ಮಾತಾಡಿ ಸಂಬಳ ತಗೊಳ್ಳುವವರು ಕಡ್ಡಿ ಮೈಕ್ ಹಾಕುತ್ತಾರೆ. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲಿಂದ ಆಡಿದ ಮಾತು ಭೂಮಿಗೆ ಬಂದಿದ್ದು ಪ್ಲಾಂಟ್ರಾನಿಕ್ಸ್ ಕಂಪನಿಯ ಹೆಡ್‌ಸೆಟ್ ಮೂಲಕ. ಅಲ್ಲಿ ಯಾರೂ ಬೇಸ್ ಹೇಗಿದೆ ಅಂತ ಕೇಳಲಿಲ್ಲ! ಮಾತು ಕೇಳಿಸಬೇಕಿತ್ತು, ಕೇಳಿಸಿತು.

‘ಕಡ್ಡಿ ಇದ್ದರೆ ನೋಡೋಕೆ ಚೆನ್ನಾಗಿರಲ್ಲ.’ ಫೋನಲ್ಲಿ ಯಾರು ನೋಡುತ್ತಾರೆ ನಿಮ್ಮನ್ನ?

‘ಅದು ನೆಟ್‌ವರ್ಕ್ ಪ್ರಾಬ್ಲಂ ಇರಬಹುದು.’ ಇದನ್ನು ಪರೀಕ್ಷೆ ಮಾಡುವುದು ಬಲು ಸುಲಭ. ಅದೇ ಜಾಗದಲ್ಲಿ ನಿಂತು, ಅದೇ ಕಾಲ್‌ನಲ್ಲಿ ಬ್ಲೂಟೂತ್ ತೆಗೆದು ಫೋನನ್ನೇ ಕಿವಿಗೆ ಇಟ್ಟು ಮಾತಾಡಿ. ಆಗ ಚೆನ್ನಾಗಿ ಕೇಳಿಸಿತು ಅಂದರೆ ತಪ್ಪು ನೆಟ್‌ವರ್ಕಿನದಲ್ಲ, ಹೆಡ್‌ಸೆಟ್‌ನದು. ನಾನು ಯಾವ ಹೆಡ್‌ಸೆಟ್ ನೋಡಿದರೂ ಇದನ್ನು ಮಾಡದೆ ಬಿಡುವುದಿಲ್ಲ. ಆಮೇಲೆ ಫ್ಯಾನ್ ಜೋರಾಗಿ ಹಾಕಿ ಅದರ ಕೆಳಗೆ ನಿಂತು ಮಾತಾಡುತ್ತೇನೆ, ಯಾಕೆಂದರೆ ಗಾಳಿ ಮೈಕಿಗೆ ನೇರವಾಗಿ ಬಡಿದರೆ ಒಳ್ಳೊಳ್ಳೆ ಬಡ್ಸ್‌ಗಳೂ ಸೋಲುತ್ತವೆ. ಕುಕ್ಕರ್ ಕೂಗುವಾಗ ಅಡುಗೆಮನೆಯಲ್ಲಿ ನಿಂತು ಆರು, ಮೂರು, ನೂರು ಅಂತ ಅಂಕಿ ಹೇಳುತ್ತೇನೆ. ಇವು ಒಂದೇ ಥರ ಕೇಳಿಸುವ ಅಂಕಿಗಳು, ಇವನ್ನು ಆ ಕಡೆಯವರು ತಪ್ಪಿಲ್ಲದೆ ಬರೆದರೆ ಆ ಹೆಡ್‌ಸೆಟ್ ಪಾಸ್.

ಬ್ಯಾಟರಿ ವಿಷಯದಲ್ಲೂ ಇದೇ ಕಥೆ. ಡಬ್ಬಿಯ ಮೇಲೆ ಹಾಕುವುದು ಹಾಡಿನ ಗಂಟೆ. ಏರ್‌ಪಾಡ್ಸ್ ಪ್ರೋ 2 ನೋಡಿ, ಎಎನ್‌ಸಿ ಹಾಕಿಕೊಂಡು ಕೇಳುವುದಕ್ಕೆ 6 ಗಂಟೆ, ಮಾತಿಗೆ 4.5 ಗಂಟೆ ಅಂತ ಆಪಲ್ ಎರಡನ್ನೂ ಹೇಳುತ್ತದೆ. ಮಾತಿನ ಗಂಟೆ ಹೇಳದ ಕಂಪನಿಯದ್ದನ್ನು ಕಾಲ್‌ಗೆ ಅಂತ ತಗೊಳ್ಳಬೇಡಿ, ಅಷ್ಟೇ.

‘ಈಗ ಕಾಲ್ ಯಾರು ಮಾಡ್ತಾರೆ, ಎಲ್ಲ ವಾಟ್ಸಾಪ್ ಮೆಸೇಜು’ ಅನ್ನುವವರೂ ಇದ್ದಾರೆ. ಯಾರು ಮಾಡುತ್ತಾರಾ? ಕ್ಯಾಬ್ ಓಡಿಸುವವರು ಗಾಡಿ ಪಕ್ಕಕ್ಕೆ ನಿಲ್ಲಿಸಿ ಮಾಡುತ್ತಾರೆ. ಮನೆ ಬಾಗಿಲಿಗೆ ಊಟ ತರುವ ಹುಡುಗರು ಮಾಡುತ್ತಾರೆ. ಎಲ್‌ಐಸಿ ಏಜೆಂಟರು, ಮೇಸ್ತ್ರಿಗಳು, ಓದಲು ಬಾರದ ಅಜ್ಜಿ ಮಾಡುತ್ತಾರೆ. ಅವರೆಲ್ಲ ಜನ ಅಲ್ವಾ? ಅವರಿಗೆ ಅಂತ ಹೆಡ್‌ಸೆಟ್ ಬೇಡವಾ? ಈ ಬ್ಲೂಟೂತ್ ಜನರ ಕೈಗೆ 1999ರಲ್ಲಿ ಮೊದಲು ಬಂದಿದ್ದೇ ಕಾಲ್ ಮಾಡುವ ಹೆಡ್‌ಸೆಟ್ ಆಗಿ! ಹಾಡು ಆಮೇಲೆ ಬಂದಿದ್ದು. ಆಮೇಲೆ ಬಂದಿದ್ದು ಬಂದು ಇಡೀ ಮನೆಯನ್ನೇ ಹಿಡಿದು ಕೂತಿದೆ, ಮಾತಿಗೆ ಜಾಗವೇ ಇಲ್ಲ.

ಆ ಕಡೆಯವರನ್ನು ಕೇಳಿ. ಇನ್ನು ಎಷ್ಟು ಸಲ ಹೇಳಲಿ? ಆ ಕಡೆಯವರನ್ನು ಕೇಳಿ! ಕೇಳದೆ ಬರೆದ ರಿವ್ಯೂ ನನಗೆ ಬೇಡ, ನೀವೂ ನಂಬಬೇಡಿ. ಎಷ್ಟೇ ದೊಡ್ಡ ಚಾನೆಲ್ ಆಗಿರಲಿ, ಎಷ್ಟೇ ಚೆಂದದ ಲೈಟ್ ಹಾಕಿರಲಿ, ಎಷ್ಟೇ ಇಂಗ್ಲಿಷ್ ಮಾತಾಡಲಿ. ಒಂದು ಕಾಲ್ ರೆಕಾರ್ಡಿಂಗ್ ಹಾಕಿಲ್ಲ ಅಂದರೆ ಅದು ಕಾಲ್ ಹೆಡ್‌ಸೆಟ್ ರಿವ್ಯೂ ಅಲ್ಲ.

ಮುಂದಿನ ವಾರ 2,000 ರೂಪಾಯಿ ಒಳಗಿನ ಹೆಡ್‌ಸೆಟ್‌ಗಳನ್ನು ತರುತ್ತಿದ್ದೇನೆ. ಆ ವಿಡಿಯೋದಲ್ಲಿ ನಾನು ಜಾಸ್ತಿ ಮಾತಾಡುವುದಿಲ್ಲ, ಆ ಕಡೆ ಫೋನಲ್ಲಿ ರೆಕಾರ್ಡ್ ಆಗಿದ್ದನ್ನು ಇದ್ದ ಹಾಗೇ ಹಾಕುತ್ತೇನೆ. ಅಷ್ಟರೊಳಗೆ ನೀವೂ ಒಂದು ಕೆಲಸ ಮಾಡಿ. ನಿಮ್ಮ ಹೆಡ್‌ಸೆಟ್ ಹಾಕಿಕೊಂಡು ಮನೆಯವರಿಗೆ ಒಂದು ಕಾಲ್ ಮಾಡಿ, ನನ್ನ ಮಾತು ಹೇಗೆ ಕೇಳಿಸುತ್ತಿದೆ ಅಂತ ಕೇಳಿ. ಅವರು ಹೇಳಿದ್ದನ್ನು ಮಾಡೆಲ್ ಹೆಸರಿನ ಜೊತೆ ಕಾಮೆಂಟಿನಲ್ಲಿ ಹಾಕಿ. ಎಲ್ಲವನ್ನೂ ಓದುತ್ತೇನೆ, ಜಾಸ್ತಿ ಜನ ಬೈದಿದ್ದನ್ನು ಮೊದಲು ತರಿಸಿ ಪರೀಕ್ಷೆ ಮಾಡುತ್ತೇನೆ.