ಮೋರ್ಸ್ ಇರಲಿ, ಪರೀಕ್ಷೆ ಬೇಡ

ಗೆಳೆಯರೇ, ಮೊದಲೇ ಹೇಳಿಬಿಡುತ್ತೇನೆ, ನಾನು ಮೋರ್ಸ್, ಅಂದರೆ ಚುಕ್ಕೆ-ಗೆರೆಗಳ ಸಂಕೇತದ ಪಕ್ಷದವನು. ಮೈಕ್ ಹಿಡಿಯುವುದಕ್ಕಿಂತ ಮೋರ್ಸ್ ಕಳಿಸುವ ಕೀ ಒತ್ತುವುದೇ ನನಗೆ ಜಾಸ್ತಿ ಖುಷಿ. ಆದರೂ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸಿಗೆ ಮೋರ್ಸ್ ಪರೀಕ್ಷೆ ಕಡ್ಡಾಯ ಇರಲೇಬೇಕು ಅನ್ನುವವರ ಜೊತೆ ನಾನಿಲ್ಲ.

ಈ ಕಡ್ಡಾಯ ಎಲ್ಲಿಂದ ಬಂತು ನೋಡಿ. ಆಗ ಹಡಗುಗಳು ಆಪತ್ತಿನಲ್ಲಿ ಕರೆಯುತ್ತಿದ್ದದ್ದು ಮೋರ್ಸ್‌ನಲ್ಲಿ. ಹವ್ಯಾಸಿಯೊಬ್ಬ ಗೊತ್ತಿಲ್ಲದೆ ಅಡ್ಡ ಬಂದರೆ, ‘ನಿಲ್ಲಿಸು’ ಅಂತ ಹೇಳಿದ್ದು ಅವನಿಗೆ ಅರ್ಥವಾಗಬೇಕಿತ್ತು. ನ್ಯಾಯವಾದ ಕಾರಣವೇ. ಆದರೆ 1999ರ ಫೆಬ್ರವರಿ 1ರ ಹೊತ್ತಿಗೆ ಹಡಗುಗಳು ಉಪಗ್ರಹ ಮತ್ತು ಡಿಜಿಟಲ್ ಕರೆಯ ವ್ಯವಸ್ಥೆಗೆ ಬದಲಾದವು. ಕಾರಣ ಹೋಯಿತು, ಪರೀಕ್ಷೆ ಉಳಿಯಿತು. 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನ, 30 ಮೆಗಾಹರ್ಟ್ಸ್‌ಗಿಂತ ಕೆಳಗಿನ ಬ್ಯಾಂಡ್‌ಗಳಿಗೆ (ಆವರ್ತನದ ಪಟ್ಟಿಗಳಿಗೆ) ಮೋರ್ಸ್ ಬೇಕೋ ಬೇಡವೋ ಅನ್ನುವುದನ್ನು ಆಯಾ ದೇಶಕ್ಕೇ ಬಿಟ್ಟಿತು. ಬ್ರಿಟನ್, ಜರ್ಮನಿ ಅದೇ ವರ್ಷ ಕೈಬಿಟ್ಟವು, ಅಮೆರಿಕ 2007ರಲ್ಲಿ. ನಮ್ಮಲ್ಲಿ ಆಮೇಲೂ ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ಪರೀಕ್ಷೆ ಮುಂದುವರಿಯಿತು. ಮೋರ್ಸ್ ಬಾರದವರಿಗೆ ರಿಸ್ಟ್ರಿಕ್ಟೆಡ್ ದರ್ಜೆ, ಕಡಿಮೆ ಪವರ್.

8 ಪದ ಅಂದರೆ, ಪದಕ್ಕೆ ಐದಕ್ಷರದ ಲೆಕ್ಕದಲ್ಲಿ 40 ಅಕ್ಷರ. ತಮಾಷೆ ಏನೆಂದರೆ ಕಲಿಕೆ ಕೆಡುವುದೇ ಈ ವೇಗದಲ್ಲಿ. ಇಷ್ಟು ನಿಧಾನವಾಗಿ ಬಂದರೆ ಡಿಟ್ (ಚುಕ್ಕೆ) ಎಷ್ಟು, ಡಾ (ಗೆರೆ) ಎಷ್ಟು ಅಂತ ಎಣಿಸಿ, ಬಾಯಿಪಾಠ ಮಾಡಿದ ಪಟ್ಟಿಯನ್ನು ಮನಸ್ಸಿನಲ್ಲೇ ಹುಡುಕಿ ಬರೆದುಬಿಡಬಹುದು, ಪಾಸೂ ಆಗಬಹುದು, ಆದರೆ ಬ್ಯಾಂಡಿನಲ್ಲಿ 20 ಪದದ ವೇಗ ಕಿವಿಗೆ ಬಿದ್ದ ಕೂಡಲೇ ಎಣಿಕೆ ತಪ್ಪಿ ತಬ್ಬಿಬ್ಬಾಗುತ್ತೇವೆ. ಕ್ಯೂ ಅಕ್ಷರ ಡಾ-ಡಾ-ಡಿಟ್-ಡಾ ಅಂತ ಒಂದೇ ಉಸಿರಿನಲ್ಲಿ ಕೇಳಬೇಕು. ಅದಕ್ಕೇ ಕಾಖ್ ವಿಧಾನದಲ್ಲಿ ಮೊದಲ ದಿನವೇ ಪೂರ್ತಿ ವೇಗ, ಆದರೆ ಎರಡೇ ಅಕ್ಷರ. ಅವು ಕೂತ ಮೇಲೆ ಮೂರನೆಯದು. ಪರೀಕ್ಷೆಗೆ ಓದುವವರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಪರೀಕ್ಷೆ ತೆಗೆದರೆ ಮೋರ್ಸ್ ಸಾಯುತ್ತದೆ ಅನ್ನುತ್ತಾರೆ. ಸತ್ತಿದೆಯಾ? ನವೆಂಬರ್ ಕೊನೆಯ ವಾರಾಂತ್ಯದ ಸಿಡಬ್ಲ್ಯು (ಮೋರ್ಸ್) ಸ್ಪರ್ಧೆಯ ದಿನ 14 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿ ನೋಡಿ, ಕರೆಯಲು ಖಾಲಿ ಜಾಗ ಹುಡುಕಬೇಕು. ಮಾತಿಗೆ ಎರಡೂವರೆ ಕಿಲೋಹರ್ಟ್ಸ್ ಬೇಕು, ಮೋರ್ಸ್‌ಗೆ ನೂರೈವತ್ತು ಹರ್ಟ್ಸ್ ಸಾಕು. ಹಾಗಾಗಿ ಅದೇ ಐದು ವಾಟ್ ತುಂಬಾ ದೂರ ಹೋಗುತ್ತದೆ. 2017ರಲ್ಲಿ ಬಂದ ಡಿಜಿಟಲ್ ವಿಧಾನ ಎಫ್‌ಟಿ8 ಕಿವಿಗೆ ಕೇಳದ ಸಿಗ್ನಲನ್ನೂ ಹಿಡಿಯುತ್ತದೆ, ಒಪ್ಪಿದೆ, ಆದರೆ ಅದಕ್ಕೆ ಕಂಪ್ಯೂಟರ್ ಬೇಕು, ಗಡಿಯಾರ ಸರಿ ಇರಬೇಕು. ಮೋರ್ಸ್‌ಗೆ ಮನೆಯಲ್ಲೇ ಬೆಸುಗೆ ಹಾಕಿದ ಪುಟ್ಟ ಟ್ರಾನ್ಸ್‌ಮಿಟರ್ ನಡೆಯುತ್ತದೆ. ಇಷ್ಟು ಉಪಯೋಗ ಇರುವುದನ್ನು ಜನ ಸುಮ್ನೆ ಬಿಡಲ್ಲ.

ಉಳಿದದ್ದು ‘ನಾವು ಕಷ್ಟಪಟ್ಟಿದ್ದೇವೆ, ಅವರೂ ಪಡಲಿ’ ಅನ್ನುವ ವಾದ. ಅತ್ತೆ ತನ್ನ ಕಾಲದ ಕಷ್ಟವನ್ನೆಲ್ಲ ಸೊಸೆಗೆ ದಾಟಿಸಿದ ಹಾಗಾಯಿತು ಇದು, ಅಲ್ವಾ?

ಪರೀಕ್ಷೆ ಬಿಗಿಯಾಗಲೇಬೇಕು ಅಂದರೆ ಕೇಳುವುದಕ್ಕೆ ಬೇಕಾದಷ್ಟಿದೆ. ಅರ್ಥಿಂಗ್ ಹೇಗೆ ಮಾಡುತ್ತೀಯ? ನಿನ್ನ ಪವರ್ ಪಕ್ಕದ ಮನೆಯ ಟಿವಿಗೆ ನುಗ್ಗಿದರೆ ಏನು ಮಾಡುತ್ತೀಯ? ತಾರಸಿಯ ಮೇಲೆ ಅಲ್ಯೂಮಿನಿಯಂ ಪೈಪ್ ಎತ್ತುವ ಮುಂಚೆ ಕರೆಂಟಿನ ತಂತಿ ಎಷ್ಟು ದೂರ ಇದೆ ಅಂತ ನೋಡಿದೆಯಾ?