ಕರು ಹಾಕಿದ ಹಸು ಬೆದೆಗೆ ಬರಬೇಕಾದರೆ

ರೈತ ಬಾಂಧವರಿಗೆ ನಮಸ್ಕಾರ. ಕೋಲಾರವಿರಲಿ, ಮಂಡ್ಯ, ಹಾಸನವಿರಲಿ, ಬೆಳಿಗ್ಗೆ ಡೈರಿ ಮುಂದೆ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: "ಹಾಲು ಚೆನ್ನಾಗೇ ಕೊಡ್ತದೆ, ಕರು ಹಾಕಿ ನಾಲ್ಕು ತಿಂಗಳಾದ್ರೂ ಬೆದೆಗೆ ಬಂದಿಲ್ಲ. ಇಂಜೆಕ್ಷನ್ ಏನಾದ್ರೂ ಇದೆಯಾ?" ಇದೆ. ಆದರೆ ಅದಕ್ಕೂ ಮೊದಲು ಹಸುವಿನ ಪಕ್ಕೆಲುಬು ನೋಡಿ.

ಸೀಮೆಹಸು ಕರು ಹಾಕಿದ 6ರಿಂದ 8 ವಾರದೊಳಗೆ ಅತಿ ಹೆಚ್ಚು ಹಾಲು ಕೊಡುತ್ತದೆ. ಮೇವು ತಿನ್ನುವುದು ಮಾತ್ರ ಅಷ್ಟು ಬೇಗ ಏರುವುದಿಲ್ಲ, 10–12 ವಾರ ಬೇಕು. ಅಲ್ಲಿಯವರೆಗಿನ ಕೊರತೆಯನ್ನು ಅದು ತನ್ನ ಮೈಕೊಬ್ಬು ಕರಗಿಸಿ ತುಂಬಿಕೊಳ್ಳುತ್ತದೆ. ಮೈ ಹೆಚ್ಚು ಇಳಿದರೆ ಮೆದುಳಿನಿಂದ ಅಂಡಾಶಯಕ್ಕೆ ಬರುವ ಹಾರ್ಮೋನು ಕುಗ್ಗಿ ಅಂಡ ಬಲಿಯುವುದಿಲ್ಲ. ಬೆದೆ ತಡವಾಗುವುದು ಹೀಗೆ.

ಇದರ ಬೇರು ಇರುವುದು ಹಾಲು ಬತ್ತಿಸಿದ ಎರಡು ತಿಂಗಳಲ್ಲಿ. ಹಾಲು ನಿಂತ ಮರುದಿನವೇ ಎಷ್ಟೋ ಕೊಟ್ಟಿಗೆಗಳಲ್ಲಿ ಹಿಂಡಿ, ಬೂಸಾನೂ ನಿಲ್ಲುತ್ತದೆ. ಡೈರಿಯಿಂದ ಹಾಲಿನ ಬಟವಾಡೆ ತರದ ಹಸುವಿಗೆ ಖರ್ಚೇಕೆ ಎಂಬ ಲೆಕ್ಕ. ಹೊಟ್ಟೆಯೊಳಗಿನ ಕರು ಭರದಿಂದ ಬೆಳೆಯುವುದೂ ಆಗಲೇ! ಕರು ಹಾಕುವ ಹೊತ್ತಿಗೆ ಪಕ್ಕೆಲುಬು ಎದ್ದು ಕಾಣಬಾರದು, ಕೈಯಿಂದ ಒತ್ತಿದರೆ ಸಿಗಬೇಕು. ಅತಿಯಾಗಿ ಕೊಬ್ಬಿಸುವುದೂ ಬೇಡ. ಅಂಥ ಹಸು ಕರು ಹಾಕಿದ ಮೇಲೆ ಮೇವು ಕಡಿಮೆ ತಿಂದು ಇನ್ನೂ ಬೇಗ ಸೊರಗುತ್ತದೆ.

ಕರು ಹಾಕಿತೆಂದು ಪಶು ಆಹಾರವನ್ನು ಒಮ್ಮೆಲೇ ಸುರಿಯಬೇಡಿ, ಹೊಟ್ಟೆ ಹುಳಿಬಂದು ಮೇವನ್ನೇ ಬಿಟ್ಟೀತು. ಎರಡು ಮೂರು ವಾರದಲ್ಲಿ ಸ್ವಲ್ಪಸ್ವಲ್ಪವೇ ಏರಿಸಿ. ಮೈಪೋಷಣೆಗೆ ಒಂದೂವರೆ ಕೆಜಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆಜಿ. ರಾಗಿ ಹುಲ್ಲಿರಲಿ, ಭತ್ತದ ಹುಲ್ಲಿರಲಿ, ರಂಜಕ ಕಡಿಮೆಯೇ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ. ಜೊತೆಗೆ ಹಸಿರು ಮೇವು.

ಇನ್ನೊಂದು ಮಾತು. ಬೆದೆ ಬಂದೂ ನಮಗೆ ಕಾಣದೆ ಹೋಗಿರಬಹುದು. ಬೆದೆಗೆ ಬಂದ ಹಸು ಬೇರೆ ಹಸುವಿನ ಮೇಲೆ ಹತ್ತುತ್ತದೆ; ಸದಾ ಕಟ್ಟಿಹಾಕಿದ್ದು ಯಾವುದರ ಮೇಲೆ ಹತ್ತೀತು? ಬೆಳಗಿನ ಜಾವ, ರಾತ್ರಿ ಮಲಗುವ ಮುನ್ನ ಒಮ್ಮೆ ಬಾಲದ ಕೆಳಗೆ ತಿಳಿ ಲೋಳೆ ಇದೆಯೇ ನೋಡಿ. ಕಂಡರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ; ಸುಮಾರು 21 ದಿನಕ್ಕೆ ಮತ್ತೆ ಕಾಯಬಹುದು. ಗರ್ಭಕೋಶ ಮೊದಲಿನ ಸ್ಥಿತಿಗೆ ಮರಳಲು 40–45 ದಿನ ಬೇಕು, ಆದ್ದರಿಂದ 60 ದಿನದ ನಂತರದ ಬೆದೆಗೆ ಸೆಮೆನ್ ಕೊಡಿಸಿ (ಕೃತಕ ಗರ್ಭಧಾರಣೆ ಮಾಡಿಸಿ). ಅಷ್ಟರೊಳಗೆ ಬೆದೆಯೇ ಕಾಣದಿದ್ದರೆ ಪಶುವೈದ್ಯರನ್ನು ಕರೆಸಿ. ಕರು ಹಾಕಿದ ದಿನ, ಕಸ (ಮಾಸು) ತಾನಾಗಿ ಬಿತ್ತೋ ಇಲ್ಲವೋ, ಈಗ ಎಷ್ಟು ಹಾಲು, ಏನು ಮೇವು, ಇಷ್ಟನ್ನೂ ಅವರಿಗೆ ಹೇಳಿ. ನಮಸ್ಕಾರ.