ಮೆಟ್ಟಿಲು ಇದ್ದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ನಿಮ್ಮ ಅಪಾರ್ಟ್‌ಮೆಂಟ್ ಸಂಘದವರು ತುರ್ತು ದಾರಿಗಳ ಬಗ್ಗೆ ಮಾತಾಡಿ ಅಂದರು. ಹಾಗಾಗಿ ನೇರವಾಗಿ ಹೊಗೆಯಿಂದಲೇ ಶುರು ಮಾಡುತ್ತೇನೆ. ಬೆಂಕಿ ಅವಘಡಗಳಲ್ಲಿ ಹೆಚ್ಚು ಜೀವ ತೆಗೆಯುವುದು ಹೊಗೆ.

2010ರ ಫೆಬ್ರವರಿ 23. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್. ಅದು ಕಚೇರಿಗಳಿದ್ದ ಕಟ್ಟಡ. ವಿದ್ಯುತ್ ಕೇಬಲ್ ಹಾದುಹೋಗುವ ಡಕ್ಟ್‌ನಲ್ಲಿ ಬೆಂಕಿ ಹತ್ತಿ, ಹೊಗೆ ಮೇಲಿನ ಮಹಡಿಗಳಿಗೆ ನುಗ್ಗಿತು. ಉಸಿರು ಕಟ್ಟಿದ ಜನ ಕಿಟಕಿ ಗಾಜು ಒಡೆದು ಹಾರಿದರು. 9 ಮಂದಿ ತೀರಿಕೊಂಡರು.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಲ್ಲಿ 4ನೇ ಭಾಗ ಪೂರ್ತಿ ಬೆಂಕಿ ಸುರಕ್ಷತೆಗೇ ಮೀಸಲು. ಸಂಹಿತೆ ತಾನಾಗಿಯೇ ಕಾನೂನಲ್ಲ. ರಾಜ್ಯಗಳು, ಪಾಲಿಕೆಗಳು ತಮ್ಮ ನಿಯಮಗಳಲ್ಲಿ ಸೇರಿಸಿಕೊಂಡಾಗ ಅದಕ್ಕೆ ಬಲ ಬರುತ್ತದೆ. ಅದನ್ನು ಓದುವಾಗ ಹೊಗೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಒಂದೊಂದು ಸಾಲೂ ತಾನಾಗಿ ಅರ್ಥವಾಗುತ್ತದೆ. ಲಿಫ್ಟನ್ನು ಹೊರದಾರಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಎತ್ತರದ ಕಟ್ಟಡದಲ್ಲಿ ಎರಡು ಮೆಟ್ಟಿಲು ಇರಬೇಕು, ಅವು ಒಂದಕ್ಕೊಂದು ಆದಷ್ಟು ದೂರ ಇರಬೇಕು. ಪಕ್ಕಪಕ್ಕದಲ್ಲೇ ಇದ್ದರೆ ಒಂದೇ ಹೊಗೆ ಎರಡನ್ನೂ ತುಂಬುತ್ತದೆ, ಅಲ್ವಾ? ಕಾಂಕ್ರೀಟ್ ವಸತಿ ಕಟ್ಟಡದಲ್ಲಿ ಹೊರದಾರಿ ತಲುಪಲು ನಡೆಯುವ ದೂರ ಸಾಮಾನ್ಯವಾಗಿ 30 ಮೀಟರ್ ಮೀರಬಾರದು. ಕತ್ತಲಲ್ಲಿ ಬಗ್ಗಿಕೊಂಡು, ಮಗುವನ್ನು ಎತ್ತಿಕೊಂಡು ಹೋಗುವಾಗ 30 ಮೀಟರೇ ಜಾಸ್ತಿ.

ಈಗ ಮೆಟ್ಟಿಲ ಬಾಗಿಲಿಗೆ ಬರೋಣ. ನನ್ನ ಪ್ರಕಾರ ಇಡೀ ಕಟ್ಟಡದಲ್ಲಿ ಅತಿ ಮುಖ್ಯವಾದ ಬಾಗಿಲು ಅದು. ಸಂಹಿತೆ ಅದಕ್ಕೆ 120 ನಿಮಿಷ ಬೆಂಕಿ ತಡೆಯುವ ಶಕ್ತಿ ಕೇಳುತ್ತದೆ. ಮೇಲೆ ಕ್ಲೋಸರ್ ಇರುತ್ತದೆ, ಕೈ ಬಿಟ್ಟರೆ ತಾನಾಗಿ ಮುಚ್ಚಿಕೊಂಡು ಲಾಚ್ ಬೀಳಬೇಕು. ನಾವು ಏನು ಮಾಡುತ್ತೇವೆ? ಓಡಾಡಲು ಕಿರಿಕಿರಿ ಅಂತ ಒಂದು ಇಟ್ಟಿಗೆಯನ್ನೋ ಹೂಕುಂಡವನ್ನೋ ಅಡ್ಡ ಇಡುತ್ತೇವೆ. ಬಾಗಿಲು ತೆರೆದೇ ಇದ್ದರೆ ಮೆಟ್ಟಿಲು ಹೊಗೆ ಮೇಲೇರುವ ಚಿಮಣಿಯಾಗುತ್ತದೆ. ಆಗ ಬೇರೆ ಮಹಡಿಯವರಿಗೂ ದಾರಿ ಇಲ್ಲ.

ಲಂಡನ್ನಿನ ಗ್ರೆನ್‌ಫೆಲ್ ಟವರ್ 24 ಮಹಡಿಯದು, ಇದ್ದದ್ದು ಒಂದೇ ಮೆಟ್ಟಿಲು. 2017ರ ಜೂನ್ 14ರ ಬೆಂಕಿಯಲ್ಲಿ 72 ಜನ ಸತ್ತರು. ಇಂಗ್ಲೆಂಡ್ ಈಗ 18 ಮೀಟರಿಗಿಂತ ಎತ್ತರದ ಹೊಸ ವಸತಿ ಕಟ್ಟಡಗಳಿಗೆ ಎರಡನೇ ಮೆಟ್ಟಿಲು ಬೇಕು ಎಂದು ನಿಯಮ ಮಾಡಿದೆ, 2026ರ ಸೆಪ್ಟೆಂಬರ್ 30ರಿಂದ ಅನ್ವಯ. ನಮ್ಮಲ್ಲಿ ಎಷ್ಟೋ ಕಡೆ ಎರಡನೇ ಮೆಟ್ಟಿಲು ಇದ್ದರೂ ಕೆಳಗಿನ ಬಾಗಿಲಿಗೆ ಬೀಗ ಜಡಿದಿರುತ್ತದೆ. ಕೇಳಿದರೆ ಕಳ್ಳರ ಭಯ ಅನ್ನುತ್ತಾರೆ. ಆ ಭಯ ಸುಳ್ಳಲ್ಲ, ಅದಕ್ಕೆ ಪರಿಹಾರವೂ ಇದೆ. ಪ್ಯಾನಿಕ್ ಬಾರ್ ಹಾಕಿಸಿದರೆ ಹೊರಗಿನಿಂದ ತೆಗೆಯಲು ಆಗುವುದಿಲ್ಲ, ಒಳಗಿನಿಂದ ಅಡ್ಡಪಟ್ಟಿ ಒತ್ತಿದರೆ ಸಾಕು. ಒಳಗಿರುವವರು ಬೀಗದ ಕೈ ಇಲ್ಲದೆ ಹೊರಬರಬೇಕು ಎಂಬುದೇ ನಿಯಮ.

ಕೊನೆಯದು ಬಾಲ್ಕನಿ ಗ್ರಿಲ್. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದಾಗ ಒಬ್ಬ ಮಹಿಳೆ ಬಾಲ್ಕನಿಗೆ ಬಂದರೂ ಗ್ರಿಲ್ ದಾಟಲು ಆಗಲಿಲ್ಲ. ಕೆಳಗಿದ್ದವರು ನೋಡುತ್ತಿದ್ದರು. ಆ ದೃಶ್ಯ ಕಂಡವರು ಯಾರೂ ಮರೆಯುವುದಿಲ್ಲ. ಗ್ರಿಲ್ ಬೇಡ ಅಂತ ನಾನು ಹೇಳುವುದಿಲ್ಲ, ಮಕ್ಕಳಿರುವ ಮನೆಗೆ ಅದು ಬೇಕು. ಆದರೆ ಒಬ್ಬರು ನುಸುಳುವಷ್ಟು ಭಾಗಕ್ಕೆ ಹಿಂಜ್ ಹಾಕಿಸಿ, ಒಳಗಿನಿಂದ ತೆರೆಯುವಂತೆ ಮಾಡಿಸಿ. ಫ್ಯಾಬ್ರಿಕೇಶನ್‌ನವರಿಗೆ ಅದು ಅರ್ಧ ದಿನದ ಕೆಲಸ.

ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಮಾತ್ರ ಇಳಿಯಲು ಹೋಗಬೇಡಿ. ಮನೆಯೊಳಗೇ ಇರಿ, ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ಬಾಲ್ಕನಿಗೆ ಬಂದು 112ಕ್ಕೆ ಫೋನ್ ಮಾಡಿ. ಯಾವ ಮಹಡಿ, ಎಷ್ಟು ಜನ ಅಂತ ಮೊದಲು ಹೇಳಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಆಮೇಲೆ ಎಲ್ಲರೂ ಒಟ್ಟಿಗೆ ಹಿಂದಿನ ಮೆಟ್ಟಿಲಲ್ಲೇ ಇಳಿದು ನೋಡೋಣ.